ಕೆಲಸ ಇಲ್ಲಿ, ಸಹಿ ಅಲ್ಲಿ

ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ ಮಾತು ಬಂದರೆ ಸಾಕು, ಫೇಸ್‌ಬುಕ್‌ನಲ್ಲಿ ಎರಡು ಪಾಳಯ ಎದ್ದು ನಿಲ್ಲುತ್ತವೆ. ಒಂದು ಕಡೆ 'ನನ್ನ ತೆರಿಗೆ ನನ್ನ ಹಕ್ಕು', ಇನ್ನೊಂದು ಕಡೆ 'ದೇಶ ಮೊದಲು'. ಇಬ್ಬರೂ ಸಂವಿಧಾನವನ್ನೇ ಸಾಕ್ಷಿಗೆ ಕರೆಯುತ್ತಾರೆ, ಅಧಿಕಾರ ಹಂಚುವ ಅದರ ಏಳನೇ ಅನುಸೂಚಿ ತೆರೆದು ನೋಡಿದವರು ಮಾತ್ರ ಬೆರಳೆಣಿಕೆ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಅಲ್ಲಿ ಬರೆದಿರುವ ಹಂಚಿಕೆ ಅಷ್ಟೇನೂ ಕೆಟ್ಟದ್ದಲ್ಲ. ಅದು ಹದಗೆಡುತ್ತಿರುವುದು ಹೆಚ್ಚಾಗಿ ಸಂವಿಧಾನವನ್ನು ಮುಟ್ಟದೆಯೇ ಮಾಡಬಹುದಾದ ಕೆಲಸಗಳಿಂದ. ಒಂದು ಹೊಸ ಸೆಸ್ (ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ತೆರಿಗೆ), ತಿಂಗಳುಗಟ್ಟಲೆ ಅಲುಗಾಡದ ಒಂದು ಕಡತ, ವರ್ಷಗಟ್ಟಲೆ ಕರೆಯದ ಒಂದು ಸಭೆ. ಇದರಿಂದ ನಷ್ಟ ಆಗುವುದು ಮತದಾರನಿಗೆ. ಕೆಲಸ ಕೆಟ್ಟಾಗ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಅವನಿಗೆ ಗೊತ್ತಾಗುವುದಿಲ್ಲ.

ಪಟ್ಟಿಯ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ರಕ್ಷಣೆ, ವಿದೇಶಾಂಗ, ರೈಲ್ವೆ, ನಾಣ್ಯ, ಬ್ಯಾಂಕು ಕೇಂದ್ರದ್ದು. ಪೊಲೀಸು, ಆಸ್ಪತ್ರೆ, ಕೃಷಿ, ಜಮೀನು ರಾಜ್ಯದ್ದು. ಕ್ರಿಮಿನಲ್ ಕಾನೂನು, ವಿದ್ಯುತ್, ಕಾರ್ಮಿಕ ಸಂಘಗಳಂಥವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರದ ಪಟ್ಟಿಯಲ್ಲಿ 97, ರಾಜ್ಯದ್ದರಲ್ಲಿ 66, ಸಮವರ್ತಿಯಲ್ಲಿ 47 ವಿಷಯಗಳಿದ್ದವು. ಈ ಮೂರು ಪಟ್ಟಿಗಳ ಅಚ್ಚು ಬ್ರಿಟಿಷರ 1935ರ ಕಾಯ್ದೆಯದ್ದು.

ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ, ಅಂದರೆ ಉಳಿಕೆ ಅಧಿಕಾರ, ಯಾರಿಗೆ ಸೇರಬೇಕು? ಅಮೆರಿಕದಲ್ಲಿ ಅದು ರಾಜ್ಯಗಳ ಪಾಲು, ನಮ್ಮಲ್ಲಿ ಸಂಸತ್ತಿನದು. ಆದರೆ ಮೊದಲ ಯೋಚನೆ ಹೀಗಿರಲಿಲ್ಲ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯಲ್ಲಿ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಪ್ರಾಂತಗಳು ಸ್ವಾಯತ್ತವಾಗಿರುತ್ತವೆ, ಉಳಿಕೆ ಅಧಿಕಾರವೂ ಅವುಗಳದ್ದೇ ಅಂತಿತ್ತು. ಮುಸ್ಲಿಂ ಲೀಗನ್ನು ಒಳಗೆ ಉಳಿಸಿಕೊಳ್ಳುವ ಆಸೆ ಇನ್ನೂ ಜೀವಂತವಾಗಿದ್ದ ದಿನಗಳು ಅವು. 1947ರ ಜೂನ್ 3ರಂದು ವಿಭಜನೆ ಘೋಷಣೆಯಾದ ಮೇಲೆ ಲೆಕ್ಕವೇ ಬದಲಾಯಿತು. ಎದುರಿಗೆ ಗಲಭೆ, ನಿರಾಶ್ರಿತರು, ಐನೂರಕ್ಕೂ ಹೆಚ್ಚು ಸಂಸ್ಥಾನಗಳು. ಬಲವಾದ ಕೇಂದ್ರ ಬೇಕು ಅಂತ ಸಂವಿಧಾನ ಸಭೆ ತೀರ್ಮಾನಿಸಿದ್ದನ್ನು ನಾನು ತಪ್ಪು ಅನ್ನಲಾರೆ. ಆದರೆ ಆ ಉಳಿಕೆ ಅಧಿಕಾರ ಮುಂದೆ ಎಲ್ಲೆಲ್ಲಿ ಕೆಲಸಕ್ಕೆ ಬಂತು ನೋಡಿ. 1994ರಲ್ಲಿ ಸೇವಾ ತೆರಿಗೆ ಒಳಬಂದದ್ದು ಅದೇ ಬಾಗಿಲಿನಿಂದ.

ಸಮವರ್ತಿ ಪಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಇಲ್ಲಿ ಮಾತ್ರ ಸಂವಿಧಾನವನ್ನೇ ತಿದ್ದಿದರು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ, 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ, ತೂಕ-ಅಳತೆ, ಕೆಳಹಂತದ ನ್ಯಾಯಾಲಯಗಳು ಈ ಐದನ್ನೂ ರಾಜ್ಯ ಪಟ್ಟಿಯಿಂದ ಎತ್ತಿ ಸಮವರ್ತಿಗೆ ಹಾಕಿತು. ಜನತಾ ಸರ್ಕಾರ ಬಂದು 1978ರಲ್ಲಿ 44ನೇ ತಿದ್ದುಪಡಿ ಮೂಲಕ ಅದರ ಎಷ್ಟೋ ಅತಿರೇಕಗಳನ್ನು ಅಳಿಸಿತು. ಈ ಐದು ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ಎಲ್ಲ ಬಣ್ಣದ ಸರ್ಕಾರಗಳೂ ದಿಲ್ಲಿಯಲ್ಲಿ ಕೂತು ಎದ್ದವು, ಒಂದೂ ಮನಸ್ಸು ಮಾಡಲಿಲ್ಲ.

ಪರಿಣಾಮ ನೋಡಬೇಕಾದರೆ ನೀಟ್ ನೋಡಿ. ಸರ್ಕಾರಿ ವೈದ್ಯಕೀಯ ಕಾಲೇಜು ಕಟ್ಟುವುದು ರಾಜ್ಯ, ಅಲ್ಲಿನ ಪ್ರಾಧ್ಯಾಪಕರಿಗೆ ಸಂಬಳ ಕೊಡುವುದು ರಾಜ್ಯ, ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಔಷಧಿ ಮುಗಿದರೆ ಬೈಗುಳ ತಿನ್ನುವುದೂ ರಾಜ್ಯ. ಒಳಗೆ ಯಾರು ಸೇರಬೇಕು ಅಂತ ತೀರ್ಮಾನಿಸುವ ಪರೀಕ್ಷೆ ಮಾತ್ರ ದಿಲ್ಲಿಯದು. 2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡ, ಸಿಇಟಿ ಸಾಕು ಅಂತ ನಿರ್ಣಯ ಮಾಡಿತು. ನೀಟ್‌ನಿಂದ ಒಳ್ಳೆಯದೇ ಆಗಿಲ್ಲ ಅಂತಲ್ಲ. ಖಾಸಗಿ ಕಾಲೇಜುಗಳ ಹತ್ತಾರು ಪ್ರವೇಶ ಪರೀಕ್ಷೆಗಳಿಗೆ ದುಡ್ಡು ಕಟ್ಟಿ ಊರೂರು ಅಲೆಯುವುದು ತಪ್ಪಿದೆ. ಆದರೆ ಪ್ರಶ್ನೆಪತ್ರಿಕೆ ಸೋರಿದ ಸುದ್ದಿ ಬಂದಾಗ ನಮ್ಮ ಮಕ್ಕಳ ಪೋಷಕರು ಕೇಳಲು ಹೋಗಬೇಕಾದ ಬಾಗಿಲು ಬೆಂಗಳೂರಿನಲ್ಲಿಲ್ಲ. ಇನ್ನೊಂದು ಮಾತು. ನಾಳೆ ಶಿಕ್ಷಣವನ್ನು ರಾಜ್ಯ ಪಟ್ಟಿಗೆ ವಾಪಸ್ ತಂದರೂ ಈ ಗಂಟು ಪೂರ್ತಿ ಬಿಚ್ಚುವುದಿಲ್ಲ. ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾಡುವ ಅಧಿಕಾರ ಕೇಂದ್ರ ಪಟ್ಟಿಯ 66ನೇ ನಮೂದಿನಲ್ಲಿ ಮೊದಲಿನಿಂದಲೂ ಗಟ್ಟಿಯಾಗಿ ಕೂತಿದೆ. ನಿರ್ಣಯ ಮಾಡಿ ಚಪ್ಪಾಳೆ ತಟ್ಟಿಸಿಕೊಂಡವರು ಇದನ್ನು ಹೇಳಲಿಲ್ಲ.

ಸಮವರ್ತಿ ಪಟ್ಟಿ ಯಾವಾಗಲೂ ರಾಜ್ಯದ ಕತ್ತು ಹಿಸುಕುತ್ತದೆ ಅಂತೇನೂ ಇಲ್ಲ. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಪ್ರಾಣಿಹಿಂಸೆ ತಡೆ ಸಮವರ್ತಿ ವಿಷಯ. ಅದಕ್ಕೆ ಕೇಂದ್ರದ 1960ರ ಕಾಯ್ದೆ ಇದೆ. ಜಲ್ಲಿಕಟ್ಟನ್ನು ನಿಷೇಧಿಸಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿದಾಗ ಕರ್ನಾಟಕ 2017ರಲ್ಲಿ ಆ ಕಾಯ್ದೆಗೆ ತನ್ನದೇ ತಿದ್ದುಪಡಿ ಮಾಡಿ ರಾಷ್ಟ್ರಪತಿಗೆ ಕಳಿಸಿತು, ಅಂಕಿತ ಸಿಕ್ಕಿತು. 254ನೇ ವಿಧಿ ಪ್ರಕಾರ ಹಾಗೆ ಅಂಕಿತ ಬಿದ್ದ ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ಕೇಂದ್ರದ ಕಾನೂನಿಗಿಂತ ಮೇಲು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳು ಓಡಿದವು. ಆದರೆ ಗಮನಿಸಿ, ಅಲ್ಲಿಯೂ ಕೊನೆಯ ಸಹಿ ದಿಲ್ಲಿಯದೇ. ಕೇಂದ್ರಕ್ಕೆ ಮನಸ್ಸಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. 2020ರ ಮೂರು ಕೃಷಿ ಕಾನೂನುಗಳಲ್ಲಿ ಆದದ್ದು ಇದರ ತಿರುವುಮುರುವು. ಕೃಷಿ ಮತ್ತು ಮಾರುಕಟ್ಟೆ ಎರಡೂ ರಾಜ್ಯ ಪಟ್ಟಿಯಲ್ಲಿವೆ, ಆದರೂ ಆಹಾರ ಪದಾರ್ಥಗಳ ವ್ಯಾಪಾರ ಅನ್ನುವ ಸಮವರ್ತಿ ನಮೂದಿನ ಆಸರೆಯಲ್ಲಿ ಸಂಸತ್ತು ಕಾನೂನು ಮಾಡಿತು. ಮರುವರ್ಷ ಅವು ವಾಪಸಾದದ್ದು ದಿಲ್ಲಿಯ ಗಡಿಯಲ್ಲಿ ಕೂತ ರೈತರಿಂದ. ಈ ನಮೂದುಗಳ ಪ್ರಶ್ನೆ ಇತ್ಯರ್ಥವೇ ಆಗಲಿಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2021ರ ಫೆಬ್ರುವರಿ ಬಜೆಟ್ ನಂತರ ಒಂದು ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ತೆರಿಗೆ 32 ರೂಪಾಯಿ 90 ಪೈಸೆ ಇತ್ತು. ಬಿಡಿಸಿ ನೋಡಿದರೆ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ 18 ರೂಪಾಯಿ, ವಿಶೇಷ ಹೆಚ್ಚುವರಿ ಅಬಕಾರಿ ಸುಂಕ 11 ರೂಪಾಯಿ, ಕೃಷಿ ಮೂಲಸೌಕರ್ಯದ ಸೆಸ್ ಎರಡೂವರೆ ರೂಪಾಯಿ. ಉಳಿದದ್ದು ಮೂಲ ಅಬಕಾರಿ ಸುಂಕ, 1 ರೂಪಾಯಿ 40 ಪೈಸೆ. ರಾಜ್ಯಗಳ ಜತೆ ಹಂಚಿಕೊಳ್ಳಬೇಕಾದದ್ದು ಈ ಕೊನೆಯದನ್ನು ಮಾತ್ರ. ಸೆಸ್ ಮತ್ತು ಸರ್ಚಾರ್ಜ್‌ಗಳನ್ನು 270ನೇ ವಿಧಿ ಹಂಚಿಕೆಯಿಂದ ಹೊರಗಿಟ್ಟಿದೆ. 15ನೇ ಹಣಕಾಸು ಆಯೋಗ ಹಂಚಬೇಕಾದ ತೆರಿಗೆಯಲ್ಲಿ ರಾಜ್ಯಗಳಿಗೆ ಶೇ 41 ಕೊಡಬೇಕು ಅಂದಿತ್ತಲ್ಲ, ಆ ಲೆಕ್ಕದಲ್ಲಿ 32 ರೂಪಾಯಿ 90 ಪೈಸೆಯಲ್ಲಿ ದೇಶದ ಎಲ್ಲ ರಾಜ್ಯಗಳಿಗೂ ಸೇರಿ ಸಿಕ್ಕಿದ್ದು ಸುಮಾರು 57 ಪೈಸೆ. ಆಮೇಲೆ ಸುಂಕ ಇಳಿದಿದೆ, ಏರಿದೆ, ಅದು ಬೇರೆ. ನಾನು ತೋರಿಸಲು ಹೊರಟದ್ದು ತಂತ್ರವನ್ನು. ಶೇ 41ರಲ್ಲಿ ಒಂದು ಚುಕ್ಕೆಯನ್ನೂ ಅಳಿಸದೆ, ಯಾವ ತಿದ್ದುಪಡಿಯೂ ಇಲ್ಲದೆ, ತೆರಿಗೆಯ ಹೆಸರು ಬದಲಿಸಿ ಇಷ್ಟು ಮಾಡಬಹುದು. (ರಾಜ್ಯಗಳೂ ಸಾಚಾ ಅಲ್ಲ. ಪೆಟ್ರೋಲ್ ಜಿಎಸ್‌ಟಿ ಒಳಗೆ ಬರಲಿ ಅಂದರೆ ಅವು ಬೆಚ್ಚಿಬೀಳುತ್ತವೆ. 2024ರ ಜೂನ್‌ನಲ್ಲಿ ಕರ್ನಾಟಕ ತನ್ನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದ್ದು ನೆನಪಿರಲಿ.)

ಹಾಗಾಗಿ ನಮ್ಮವರು ಬಿಹಾರ, ಉತ್ತರ ಪ್ರದೇಶದ ಮೇಲೆ ಹರಿಹಾಯುವಾಗ ನನಗೆ ಕಿರಿಕಿರಿಯಾಗುತ್ತದೆ. ರಾಜ್ಯಗಳ ನಡುವಿನ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿದದ್ದು ನಿಜ, ಪೆಟ್ಟು ದೊಡ್ಡದೇ. ಆದರೆ ಬಡ ರಾಜ್ಯಕ್ಕೆ ಹೆಚ್ಚು ಹೋಗಲಿ ಅನ್ನುವ ತತ್ವವನ್ನು ಒಪ್ಪದೆ ಒಂದು ದೇಶವಾಗಿ ಬದುಕಲು ಆಗುವುದಿಲ್ಲ. ಎಷ್ಟು ಹೆಚ್ಚು ಅನ್ನುವುದನ್ನು ಚರ್ಚೆ ಮಾಡೋಣ. ಹಂಚುವ ರಾಶಿಯೇ ಸೆಸ್‌ನಿಂದ ಕರಗುತ್ತಿರುವಾಗ ಅದರಲ್ಲಿ ನಮಗಿಂತ ಪಕ್ಕದವನಿಗೆ ಹೆಚ್ಚು ಸಿಕ್ಕಿತು ಅಂತ ಕಾದಾಡುವುದು ದಿಲ್ಲಿಗೆ ಬಹಳ ಅನುಕೂಲದ ಜಗಳ. ಪಾಟ್ನಾ ಕೂಡ ಆ 57 ಪೈಸೆಯಲ್ಲೇ ಪಾಲು ಪಡೆದದ್ದು.

ಬರಗಾಲದ ಹಣದ ಪ್ರಸಂಗವನ್ನೂ ನೆನಪಿಸಿಕೊಳ್ಳಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಳಿದ್ದು 18,171 ಕೋಟಿ. ಉತ್ತರ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಕೇಳಿದ್ದು ಜಾಸ್ತಿಯೋ ಕೊಟ್ಟದ್ದು ಕಡಿಮೆಯೋ, ಆ ವಾದ ಇರಲಿ. ಬೆಳೆ ಒಣಗಿದ ರೈತ ತಹಶೀಲ್ದಾರರ ಮುಂದೆ ನಿಂತಾಗ ಅವರು 'ಕೇಂದ್ರದಿಂದ ಬಂದಿಲ್ಲ' ಅನ್ನುತ್ತಾರೆ, ಕೇಂದ್ರ 'ರಾಜ್ಯದ ಮನವಿಯೇ ತಡವಾಯಿತು' ಅನ್ನುತ್ತದೆ. ರೈತ ಯಾರನ್ನು ನಂಬಬೇಕು?

ಜಿಎಸ್‌ಟಿ ದರ ಶಿಫಾರಸು ಮಾಡುವ ಮಂಡಳಿಯ ಮತದ ಲೆಕ್ಕ ಇನ್ನೊಂದು ಪಾಠ. ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ, ರಾಜ್ಯಗಳೆಲ್ಲಕ್ಕೂ ಸೇರಿ ಮೂರನೇ ಎರಡರಷ್ಟು. ತೀರ್ಮಾನಕ್ಕೆ ಬೇಕಾದದ್ದು ನಾಲ್ಕನೇ ಮೂರು. ಅಂದರೆ ದೇಶದ ಎಲ್ಲ ರಾಜ್ಯಗಳೂ ಒಂದಾಗಿ ಕೈ ಎತ್ತಿದರೂ ಕೇಂದ್ರ ಬೇಡ ಅಂದರೆ ಆಗದು. ಮಂಡಳಿಯ ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಹೇಳಿದೆ, ಅಷ್ಟೇ. ಬೇರೆ ದರ ಹಾಕಿ ನೋಡುವ ಧೈರ್ಯ ಯಾವ ರಾಜ್ಯಕ್ಕಿದೆ?

ಇನ್ನು ಸಹಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ರಾಜಭವನಗಳಿಗಾಗಿಯೇ ಮಾಡಿದ್ದಾರೇನೋ. ವಿಧಾನಸಭೆ ಮಸೂದೆ ಪಾಸು ಮಾಡುತ್ತದೆ. 200ನೇ ವಿಧಿ ಪ್ರಕಾರ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿದು ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ರವಾನಿಸಬಹುದು. ಸುಮ್ಮನೆ ಇಟ್ಟುಕೊಳ್ಳಬಹುದು ಅಂತ ಎಲ್ಲೂ ಇಲ್ಲ, ನಡೆಯುವುದು ಅದೇ. ತಮಿಳುನಾಡಿನಲ್ಲಿ ಹತ್ತು ಮಸೂದೆಗಳು ಹೀಗೆ ಕೂತಾಗ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಗಡುವು ಹಾಕಿ, ಆ ಹತ್ತಕ್ಕೂ ಅಂಕಿತ ಸಿಕ್ಕಂತೆಯೇ ಅಂದರು. ರಾಷ್ಟ್ರಪತಿ ಅಭಿಪ್ರಾಯ ಕೇಳಿದ ಮೇಲೆ, ನವೆಂಬರ್ 20ರಂದು, ಐವರ ಪೀಠ ಗಡುವು ಹಾಕಲು ಬರುವುದಿಲ್ಲ, ಅಂಕಿತ ಸಿಕ್ಕಿತೆಂದು ಭಾವಿಸಲೂ ಬರುವುದಿಲ್ಲ, ಕಾರಣವಿಲ್ಲದೆ ಬಹುಕಾಲ ಎಳೆದರೆ ಮಾತ್ರ ಕೋರ್ಟಿಗೆ ಬನ್ನಿ ಅಂತ ಹೇಳಿತು. ಕಾನೂನಿನ ದೃಷ್ಟಿಯಿಂದ ಎರಡನೆಯದೇ ಸರಿ ಇರಬಹುದು. ಆದರೆ 201ನೇ ವಿಧಿಯ ತಮಾಷೆ ನೋಡಿ. ರಾಷ್ಟ್ರಪತಿ ಮಸೂದೆ ತಿರುಗಿಸಿ ಕಳಿಸಿದರೆ ಶಾಸಕರು ಆರು ತಿಂಗಳೊಳಗೆ ಮರುಪರಿಶೀಲಿಸಬೇಕು. ರಾಷ್ಟ್ರಪತಿಗೆ ಗಡುವೇ ಇಲ್ಲ. ಜನ ಆರಿಸಿದವರಿಗೆ ಕ್ಯಾಲೆಂಡರು, ಉಳಿದವರಿಗೆ ಪುರುಸೊತ್ತು.

ಇದು ಒಂದು ಪಕ್ಷದ ಚಾಳಿ ಅಂದುಕೊಳ್ಳಬೇಡಿ. 1977ರಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಒಟ್ಟಿಗೆ ಕಿತ್ತುಹಾಕಿತು, 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದು ಒಂಬತ್ತನ್ನು ಕಿತ್ತು ಲೆಕ್ಕ ಚುಕ್ತಾ ಮಾಡಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 1989ರ ಏಪ್ರಿಲ್‌ನಲ್ಲಿ ನಮ್ಮ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಬಹುಮತದ ತೀರ್ಮಾನ ಸದನದಲ್ಲೇ ಆಗಬೇಕು ಅನ್ನುವ ಇಂದಿನ ಪಾಠ ಅದರದ್ದು. ಬೊಮ್ಮಾಯಿಯವರ ಕುರ್ಚಿಯೇನೂ ವಾಪಸ್ ಬರಲಿಲ್ಲ, ಆದರೆ ರಾಜ್ಯ ಸರ್ಕಾರ ವಜಾ ಮಾಡಲು ಬಳಸುವ 356ನೇ ವಿಧಿಯ ಹಲ್ಲು ಆ ತೀರ್ಪಿನಿಂದ ಮೊಂಡಾಯಿತು. ಬಹುಶಃ ಅದಕ್ಕೇ ಈಗ ಸರ್ಕಾರ ಕೀಳುವ ಬದಲು ಕಡತದ ಮೇಲೆ ಕೂರುವ ಪದ್ಧತಿ ಬಂದಿದೆ.

ಕೂತು ಮಾತಾಡಲು ಜಾಗ ಇಲ್ಲವೇ ಅಂದರೆ, ಇದೆ. 263ನೇ ವಿಧಿಯ ಅಂತರರಾಜ್ಯ ಮಂಡಳಿ. ಪ್ರಧಾನಿ ಅಧ್ಯಕ್ಷರು, ಎಲ್ಲ ಮುಖ್ಯಮಂತ್ರಿಗಳು ಸದಸ್ಯರು. ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗದ ಸಲಹೆಯಂತೆ 1990ರಲ್ಲಿ ರಚನೆಯಾಯಿತು. 2016ರ ಜುಲೈ 16ರಂದು ಒಮ್ಮೆ ಸೇರಿದ್ದು, ಆಮೇಲೆ ವರ್ಷಗಟ್ಟಲೆ ಸೇರಲೇ ಇಲ್ಲ. ಸಭೆ ಕರೆಯಲು ತಿದ್ದುಪಡಿ ಬೇಡ, ತೀರ್ಪು ಬೇಡ, ಒಂದು ನೋಟಿಸು ಸಾಕು.

ಆ ಸರ್ಕಾರಿಯಾ ಆಯೋಗಕ್ಕೂ ಬೆಂಗಳೂರಿಗೂ ನಂಟಿದೆ. 1983ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಇಲ್ಲಿ ಕೂಡಿಸಿದರು. ಎನ್‌ಟಿಆರ್, ಎಂಜಿಆರ್ ಬಂದರು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ ಆಯೋಗ ಪ್ರಕಟಿಸಿದರು. ಆದರೆ ಹೆಗಡೆ ಸರ್ಕಾರವನ್ನು ನಾನು ನೆನೆಯುವುದು ಇನ್ನೊಂದು ಕಾರಣಕ್ಕೆ. ದಿಲ್ಲಿಯಿಂದ ಅಧಿಕಾರ ಕೇಳಿದ ಅದೇ ವರ್ಷ ಅದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ಮಾಡಿತು. ಅದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲು, 1987ರಲ್ಲಿ ಚುನಾವಣೆ ನಡೆಸಿ ತನ್ನ ಕೈಯಲ್ಲಿದ್ದ ಅಧಿಕಾರವನ್ನು ಕೆಳಗೆ ಇಳಿಸಿತು.

ಈಗಿನವರು? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ. ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು. ಆ ನಡುವೆ ಬಿಜೆಪಿ ಆಳಿತು, ಕಾಂಗ್ರೆಸ್ ಆಳಿತು. 2024ರ ಫೆಬ್ರುವರಿ 7ರಂದು ಜಂತರ್ ಮಂತರ್‌ನಲ್ಲಿ ಕೂತು ನಮ್ಮ ಪಾಲು ಕೊಡಿ ಅಂದ ಮಂತ್ರಿಗಳ ತಂಡದ ಬೇಡಿಕೆ ನ್ಯಾಯವಾದದ್ದೇ, ನಾನೂ ಅದರ ಪರ. ಆದರೆ ಆ ಹೊತ್ತಿಗೆ ಅವರ ರಾಜ್ಯದ ಒಂದೇ ಒಂದು ಜಿಲ್ಲಾ ಪಂಚಾಯಿತಿಯಲ್ಲೂ ಚುನಾಯಿತ ಅಧ್ಯಕ್ಷರಿರಲಿಲ್ಲ. ಶಾಲೆಯ ಮಾಳಿಗೆ ಸೋರಿದರೆ ಊರಿನವರು ಹೋಗಿ ನಿಲ್ಲಬೇಕಾದದ್ದು ಸರ್ಕಾರ ನೇಮಿಸಿದ ಸಿಇಒ ಕಚೇರಿಯ ಮುಂದೆ, ಮತ್ತು ಸಿಇಒ ಅವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಲು ಬರುವುದಿಲ್ಲ.