ಕಳ್ಳ ಪ್ರಸಾರದ ಸಮರ್ಥನೆಗೆ ಕಾಂಗ್ರೆಸ್ ರೇಡಿಯೋದ ಹೆಸರು ಬೇಡ

ಅಮೆರಿಕದಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ 6925 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಪರವಾನಗಿಯಿಲ್ಲದೆ ಹಾಡು, ಹರಟೆ ಬಿತ್ತರಿಸುವವರನ್ನು ಮೆಚ್ಚುವ ನಮ್ಮ ಕೆಲವು ರೇಡಿಯೋ ಗೆಳೆಯರು, ವಾದ ಬೆಳೆದಾಗ, ಅದೂ ಪರವಾನಗಿಯಿಲ್ಲದ ನಿಲಯವೇ ಆಗಿತ್ತಲ್ಲ ಎಂದು, ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಅವರ ಕಾಂಗ್ರೆಸ್ ರೇಡಿಯೋವನ್ನು ಸಾಕ್ಷಿಗೆ ಕರೆಯುತ್ತಾರೆ. ಈ ಹೋಲಿಕೆಯನ್ನು ನಾನು ಒಪ್ಪಲಾರೆ.

1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮುಂಬಯಿಯಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ, 42.34 ಮೀಟರ್‌ನಲ್ಲಿ ಮಾತನಾಡಿದ ಆ ನಿಲಯ, ಸರ್ಕಾರವು ಪತ್ರಿಕೆಗಳ ಬಾಯಿ ಕಟ್ಟಿದ್ದಾಗ ಕ್ವಿಟ್ ಇಂಡಿಯಾ ಚಳವಳಿಯ ಸುದ್ದಿಯನ್ನು ಜನರಿಗೆ ಮುಟ್ಟಿಸಿತು. ಮಹಾಯುದ್ಧ ಶುರುವಾಗುತ್ತಲೇ ಬ್ರಿಟಿಷ್ ಆಡಳಿತವು ರೇಡಿಯೋ ಹವ್ಯಾಸಿಗಳ, ಅಂದರೆ ಹ್ಯಾಮ್‌ಗಳ, ಪರವಾನಗಿಗಳನ್ನು ರದ್ದುಪಡಿಸಿ, ಉಪಕರಣಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿದ್ದರಿಂದ, ಕಾನೂನಿನ ದಾರಿಯೇ ಆ ನಿಲಯ ನಡೆಸಿದವರ ಮುಂದೆ ಉಳಿದಿರಲಿಲ್ಲ. ಈ ಪ್ರಸಾರಕ್ಕಾಗಿ ಬಂಧಿತರಾದ ಉಷಾ ಮೆಹ್ತಾ 1946ರವರೆಗೆ ಸೆರೆಯಲ್ಲಿದ್ದರು. ಆ 42.34 ಮೀಟರ್ ಎಂದರೆ ಸುಮಾರು 7.08 ಮೆಗಾಹರ್ಟ್ಸ್, ಇಂದು ಭಾರತದ ಹ್ಯಾಮ್‌ಗಳು ದಿನವೂ ಬಳಸುವ 40 ಮೀಟರ್ ಬ್ಯಾಂಡಿನ ಒಳಗೇ ಅದು ಬರುತ್ತದೆ. ಅಂದು ಜೈಲಿಗೆ ಒಯ್ದ ತರಂಗಾಂತರದಲ್ಲಿ ಇಂದು ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದ ಶಾಲಾ ಬಾಲಕಿಯೂ ಮಾತನಾಡಬಹುದು.

ಈ ಪರೀಕ್ಷೆಯನ್ನು ಅಧಿಕಾರಿಗಳ ಅಡ್ಡಗಾಲು ಎನ್ನುವವರು ಅದರ ಪಠ್ಯವನ್ನೊಮ್ಮೆ ಓದಬೇಕು. ಸರಿಯಾದ ಫಿಲ್ಟರ್ ಇಲ್ಲದ ಟ್ರಾನ್ಸ್‌ಮಿಟರನ್ನು 6925ರಲ್ಲಿ ಹಚ್ಚಿದರೆ ಅದರ ಎರಡನೆಯ ಹಾರ್ಮೋನಿಕ್, ಎಂದರೆ ಮೂಲ ಆವರ್ತನದ ಎರಡರಷ್ಟರಲ್ಲಿ ಹೊಮ್ಮುವ ಬೇಡದ ಅಲೆ, 13,850ಕ್ಕೆ, ಅಂದರೆ ಅಂತರರಾಷ್ಟ್ರೀಯ ನಿಲಯಗಳ 22 ಮೀಟರ್ ಬ್ಯಾಂಡಿನೊಳಕ್ಕೆ ನುಗ್ಗುತ್ತದೆ. ಮೇಲ್ವಾತಾವರಣದ ಅಯಾನುಗೋಳದಿಂದ ಪುಟಿದು ಬರುವ ಕೆಲವೇ ವಾಟ್‌ಗಳ ಅಲೆಯೂ ಸಾವಿರಾರು ಕಿಲೋಮೀಟರ್ ಸಾಗಬಲ್ಲುದಾದ್ದರಿಂದ, ಈ ತೊಂದರೆ ಪಕ್ಕದ ಬೀದಿಗೆ ನಿಲ್ಲುವಂಥದ್ದಲ್ಲ. ಹ್ಯಾಮ್ ತಪ್ಪು ಮಾಡಿದರೆ ವಿಯು2, ವಿಯು3 ಎಂದು ಶುರುವಾಗುವ ಅವರ ಕಾಲ್ ಸೈನ್ (ಪರವಾನಗಿಯ ಗುರುತು) ಹಿಡಿದು ಎಚ್ಚರಿಸಬಹುದು. ಹೆಸರು ಮರೆಸಿಕೊಂಡವರನ್ನು ಯಾರು, ಎಲ್ಲಿ ಹುಡುಕಬೇಕು?

ಹಾಗೆಂದು ಈಗಿನ ವ್ಯವಸ್ಥೆ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಹ್ಯಾಮ್ ಪರವಾನಗಿ ಇರುವುದು ಸ್ವಯಂ ಕಲಿಕೆಗೆ, ಪರಸ್ಪರ ಸಂಪರ್ಕಕ್ಕೆ ಮತ್ತು ತಾಂತ್ರಿಕ ಪ್ರಯೋಗಕ್ಕೆ. ಅದರಲ್ಲಿ ಸಂಗೀತ ಹಾಕುವಂತಿಲ್ಲ, ಸಾರ್ವಜನಿಕ ಪ್ರಸಾರ ನಡೆಸುವಂತಿಲ್ಲ. ಶಾರ್ಟ್‌ವೇವ್‌ನಲ್ಲಿ ತನ್ನ ಮಾತನ್ನು ಬಿತ್ತರಿಸಬೇಕೆಂಬ ಸಾಮಾನ್ಯ ಭಾರತೀಯನಿಗೆ ಬೇರೆ ದಾರಿಯೂ ಇಲ್ಲ. ಆ ಆಸೆ ನ್ಯಾಯವಾದದ್ದೇ. ಕಡಿಮೆ ಶಕ್ತಿಯ ಪ್ರಾಯೋಗಿಕ ಪ್ರಸಾರಕ್ಕೆ ಪ್ರತ್ಯೇಕ ಪರವಾನಗಿ ಕೊಡಿ ಎಂದು ಬಹಿರಂಗವಾಗಿ ಕೇಳೋಣ. ಮೊದಲ ಸಹಿ ನನ್ನದಿರಲಿ. ಅದಕ್ಕೂ ಮುನ್ನ, ಪರೀಕ್ಷೆ ಪಾಸಾದ ಮಕ್ಕಳ ಉತ್ಸಾಹ ಪರವಾನಗಿ ಪತ್ರದ ದಾರಿ ಕಾಯುವುದರಲ್ಲೇ ಬತ್ತದಂತೆ, ಅದನ್ನು ಕೊಡುವುದಕ್ಕೊಂದು ಗಡುವು ನಿಗದಿಯಾಗಲಿ.