ಸಂಕರ ಅಂದ್ರೆ ಹೇಸರಗತ್ತೆ ಒಂದೇನಾ?

ನಿನ್ನೆ ಅಕ್ಕನ ಮಗಳು ಕೋಚಿಂಗ್ ನೋಟ್ಸ್ ತಂದು ತೋರಿಸಿದಳು. "ಎರಡು ಪ್ರಭೇದಗಳ ಸಂಕರ ಬಂಜೆ. ಕಾರಣ: ವರ್ಣತಂತುಗಳು ಜೋಡಿಯಾಗುವುದಿಲ್ಲ. ಉದಾ: ಹೇಸರಗತ್ತೆ." ಅಷ್ಟೇ. ಕೆಳಗೆ ಗೆರೆ, ಮುಂದಿನ ಪ್ರಶ್ನೆ. "ಚಿಕ್ಕಮ್ಮ, ಇಷ್ಟು ಬರೆದ್ರೆ ಫುಲ್ ಮಾರ್ಕ್ಸ್" ಅಂದಳು. ಅವಳ ಮೇಲೆ ನನಗೆ ಕೋಪವಿಲ್ಲ. ಬರೆದುಕೊಟ್ಟವರ ಮೇಲಿದೆ.

ವರ್ಣತಂತು ಅಂದರೆ ಕ್ರೋಮೋಸೋಮ್, ಜೀವಕೋಶದೊಳಗೆ ವಂಶದ ಗುಣ ಹೊರುವ ಎಳೆ; ಪರಾಗ, ಅಂಡಗಳಾಗುವಾಗ ಇವು ಎರಡೆರಡು ಜೋಡಿಯಾಗಿ ಪಾಲಾಗಬೇಕು. ಕುದುರೆಗೆ ಇವು 64, ಕತ್ತೆಗೆ 62, ಅವೆರಡಕ್ಕೆ ಹುಟ್ಟುವ ಹೇಸರಗತ್ತೆಗೆ 63. ನಿಜವೇ. ಆದರೆ ಒಂದು ಪ್ರಾಣಿಯ ಪಾಡನ್ನು ಗಿಡಗಳಿಗೆಲ್ಲ ಕಾನೂನು ಮಾಡುವುದು ಯಾವ ನ್ಯಾಯ?

ನಾನು ಹಿಡಿದು ವಾದಕ್ಕೆ ಇಳಿಯುವ ಗಿಡ ಒಂದಿದೆ. ಪಾಯಸಕ್ಕೆ ಅರೆಯುವ ಗಸಗಸೆ, ಪಪಾವರ್ ಸೋಮ್ನಿಫೆರಮ್, ಅದಕ್ಕೆ 22 ವರ್ಣತಂತು. ಅದರ ಹತ್ತಿರದ ನೆಂಟ ಪಪಾವರ್ ಸೆಟಿಗೆರಮ್‌ಗೆ 44. ಎರಡನ್ನೂ ಕೂಡಿಸಿದರೆ ಇಬ್ಬರಿಂದಲೂ ಅರ್ಧರ್ಧ ಬಂದು, ಹುಟ್ಟುವ ಗಿಡಕ್ಕೆ 33. ಅದರ ಎಳೆಮೊಗ್ಗಿನ ಪರಾಗಕೋಶವನ್ನು ಅಸಿಟೋಕಾರ್ಮಿನ್ ಎಂಬ ಬಣ್ಣದಲ್ಲಿ ಜಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಮಾನ್ಯವಾಗಿ ಕಾಣುವುದು ಹನ್ನೊಂದು ಜೋಡಿ, ಹನ್ನೊಂದು ಒಂಟಿ. ಜೋಡಿಗಳು ನಡುವಿನಲ್ಲಿ ಸಾಲಾಗಿ ನಿಂತಿರುತ್ತವೆ. ಒಂಟಿಗಳು ದಿಕ್ಕಿಗೊಂದು ಚದುರಿ, ಎರಡು ಪಾಲಾಗುವ ಹೊತ್ತಿಗೆ ಹಿಂದೆ ಉಳಿಯುತ್ತವೆ. ಅಂಥ ಪರಾಗದಲ್ಲಿ ಎಷ್ಟೋ ಜೊಳ್ಳು. ಅಂದರೆ ಜೋಡಿಯಾಗುವುದೂ ಇದೆ, ಆಗದಿರುವುದೂ ಇದೆ, ಒಂದೇ ಜೀವಕೋಶದೊಳಗೆ! ಈ ಗಿಡದ ವರ್ಣತಂತುಗಳನ್ನು ದುಪ್ಪಟ್ಟು ಮಾಡಿ 66ಕ್ಕೆ ಏರಿಸಿದರೆ ಪ್ರತಿಯೊಂದಕ್ಕೂ ಒಂದು ಜೊತೆ ಸಿಗುತ್ತದೆ. ನೋಟ್ಸ್‌ನ "ಜೋಡಿಯಾಗುವುದಿಲ್ಲ" ಇದನ್ನೆಲ್ಲ ನುಂಗಿಹಾಕಿದೆ.

ನನಗೆ ಇದಕ್ಕಿಂತ ಇಷ್ಟವಾದದ್ದು 1924ರಲ್ಲಿ ಸ್ವೀಡನ್ನಿನ ಲ್ಯುಂಗ್‌ಡಾಲ್ ವರದಿ ಮಾಡಿದ ಸಂಕರ. ಗಸಗಸೆಯ ಇನ್ನಿಬ್ಬರು ನೆಂಟರು: ಪಪಾವರ್ ನುಡಿಕೌಲೆಯಿಂದ 7, ಪಪಾವರ್ ಸ್ಟ್ರಯೇಟೋಕಾರ್ಪಮ್‌ನಿಂದ 35, ಒಟ್ಟು 42. ಏಳಕ್ಕೆ ಏಳು ಜೊತೆಯಾಗಿ ಮಿಕ್ಕ 28 ಅನಾಥವಾಗಿ ಬಿದ್ದಿರಬೇಕಿತ್ತು, ಅಲ್ಲವಾ? ಕಂಡದ್ದು 21 ಜೋಡಿ. ಒಂಟಿಯೇ ಇಲ್ಲ. ನುಡಿಕೌಲೆ ಕಡೆಯಿಂದ ಬಂದದ್ದೇ ಏಳು, ಹಾಗಾಗಿ ಕನಿಷ್ಠ ಹದಿನಾಲ್ಕು ಜೋಡಿಗಳು ಈ 35ರೊಳಗೆ ತಮ್ಮತಮ್ಮಲ್ಲೇ ಆಗಿರಬೇಕು. 35 ಎಂಬುದು ಏಳೇಳರ ಐದು ಕಂತೆ ಅನ್ನುವ ಹಳೇ ಗುಟ್ಟು ಸಂಕರದಲ್ಲಿ ಬಯಲಾಯಿತು. ಕೂಡುವುದು ಕಳೆಯುವುದು ಬಂದರೆ ಸಾಕು, ಹೈಸ್ಕೂಲ್ ಮಗುವಿಗೂ ಇದು ಅರ್ಥವಾಗುತ್ತದೆ. ಇದನ್ನು ಮಕ್ಕಳಿಂದ ಯಾಕೆ ಮುಚ್ಚಿಡುತ್ತೀರಿ?

ಇದಕ್ಕೂ ಮೊದಲೇ, 1921ರಲ್ಲಿ, ಜಪಾನಿನ ಕೋನೋ ಯಾಸುಯಿ ತಾವೇ ಗಸಗಸೆ ಜಾತಿಯ ಸಂಕರಗಳನ್ನು ಬೆಳೆಸಿ ಅವುಗಳ ಮಿಯಾಸಿಸ್, ಅಂದರೆ ವರ್ಣತಂತುಗಳು ಜೋಡಿಯಾಗಿ ಪಾಲಾಗುವ ಕೋಶವಿಭಜನೆ, ನೋಡಿ ಬರೆದಿದ್ದರು. ಆರು ವರ್ಷದ ನಂತರ ಅವರು ಆ ದೇಶದಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಹೆಣ್ಣುಮಗಳಾದರು. ಅವರ ಹೆಸರು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಅಷ್ಟು ಕಷ್ಟಪಟ್ಟು ಕಣ್ಣಲ್ಲಿ ಕಣ್ಣಿಟ್ಟು ಎಣಿಸಿದ್ದನ್ನು ನಾವು ಒಂದು ಸುಳ್ಳು ಸಾಲಿಗೆ ಇಳಿಸಿದ್ದೇವೆ.

"ಪರೀಕ್ಷೆಗೆ ಅಷ್ಟು ಸಾಕು ಮೇಡಂ, ಮಕ್ಕಳಿಗೆ ಹೊರೆಯಾಗುತ್ತೆ" ಅಂತ ಕೆಲವರು ಈಗಲೇ ಕಾಮೆಂಟ್ ಟೈಪ್ ಮಾಡುತ್ತಿರಬಹುದು. ಹೊರೆ ಯಾವುದು? ಕಾರಣ ಗೊತ್ತಾಗದೆ ಉರು ಹೊಡೆಯುವುದೇ ಹೊರೆ. ಹಾವೇರಿ ಕಡೆಯ ಹತ್ತಿ ಬೆಳೆಗಾರರ ಮಗ ಇದನ್ನು ಓದಿ ಏನಂದುಕೊಳ್ಳಬೇಕು? ಧಾರವಾಡದಲ್ಲಿ ತಯಾರಾದ ವರಲಕ್ಷ್ಮಿ, ಡಿಸಿಎಚ್-32 ಹತ್ತಿ ತಳಿಗಳು ಎರಡೂ ಬೇರೆಬೇರೆ ಪ್ರಭೇದಗಳ ಸಂಕರಗಳೇ. ತಾಯಿ ತಂದೆ ಇಬ್ಬರಿಗೂ 52 ವರ್ಣತಂತು. ಬಂಜೆಯಾಗಿದ್ದರೆ ಆ ಕಾಯಿಯೊಳಗೆ ಬೀಜ ಎಲ್ಲಿಂದ ಬರುತ್ತಿತ್ತು? ಹತ್ತಿಯ ಎಳೆ ಬೀಜದ ಮೈಮೇಲೆ ತಾನೇ ಬೆಳೆಯುವುದು!

ನೋಟ್ಸ್ ಮಾಡುವ ಗೆಳೆಯರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಇದ್ದೀರಿ. ಹೇಸರಗತ್ತೆಯನ್ನು ತೆಗೆಯಿರಿ ಅನ್ನುತ್ತಿಲ್ಲ. "ಸಂಕರ ಬಂಜೆ" ಅನ್ನುವ ಕಡೆ "ಹಲವು ಸಲ" ಅಂತ ಸೇರಿಸಿ, ಪಕ್ಕದಲ್ಲಿ ಈ 7, 35, 21 ಬರೆಯಿರಿ. ಜಾಗ ಸಾಲದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ಎರಡೇ ಸಾಲಲ್ಲಿ ಬರೆದುಕೊಡುತ್ತೇನೆ.