ಸ್ಟೀರಿಂಗ್ ಭಾರ ಮಾಡಿದರೆ ಫೀಲ್ ಬರಲ್ಲ

ಟೊಯೊಟಾ ಜಿಟಿ86 ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲಿಲ್ಲ, ಆದರೆ ಹೊರದೇಶದಲ್ಲಿ ಇಟ್ಟುಕೊಂಡಿರೋ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರಬಹುದು. ಸ್ಟೀರಿಂಗ್ ಚುರುಕು, ಅನುಪಾತ 13.1:1 (ಸ್ಟೀರಿಂಗ್ 13.1 ಡಿಗ್ರಿ ತಿರುಗಿಸಿದರೆ ಚಕ್ರ ಸುಮಾರು ಒಂದು ಡಿಗ್ರಿ). ಆದರೂ ರಸ್ತೆ ಕೈಗೆ ಸಿಗಲ್ಲ ಅನ್ನೋ ದೂರು ಇದ್ದೇ ಇದೆ. ಕೂಡಲೇ ಯಾರೋ ಒಬ್ಬರು "ಅಸಿಸ್ಟ್ (ಮೋಟರ್ ಕೊಡೋ ನೆರವು) ಇಳಿಸಿ" ಅಂತಾರೆ. ಇನ್ನೂ ಧೈರ್ಯವಂತರು ಇಪಿಎಸ್ (ಸ್ಟೀರಿಂಗಿಗೆ ನೆರವಾಗೋ ವಿದ್ಯುತ್ ಮೋಟರ್ ವ್ಯವಸ್ಥೆ) ಫ್ಯೂಸನ್ನೇ ಕೀಳಿ ಅಂತಾರೆ. ಎರಡೂ ಬೇಡ.

ತಿರುವಿನಲ್ಲಿ ಮುಂದಿನ ಟೈರ್ ಹಿಡಿತದ ಮಿತಿ ಮುಟ್ಟೋ ಸ್ವಲ್ಪ ಮೊದಲೇ ನ್ಯೂಮ್ಯಾಟಿಕ್ ಟ್ರೇಲ್ (ಟೈರಿನ ಪಕ್ಕಬಲ ಅದರ ನಡುವಿಗಿಂತ ಹಿಂದೆ ಬೀಳೋ ದೂರ) ಕುಗ್ಗುತ್ತೆ, ಸ್ಟೀರಿಂಗ್ ಹಗುರಾಗುತ್ತೆ. ನಮಗೆ ಬೇಕಾಗಿರೋದು ಆ ಸುಳಿವು. 86ರಲ್ಲಿ ಇಪಿಎಸ್ ಮೋಟರ್ ಕೂತಿರೋದು ಕಾಲಂ (ಸ್ಟೀರಿಂಗಿನ ಕೆಳಗಿನ ಕಂಬ) ಮೇಲೆ. ರೋಟರಿನ ಜಡತ್ವ ನಮ್ಮ ಕೈಗೆ ಮೋಟರಿನ ಗೇರ್ ಅನುಪಾತದ ವರ್ಗದಷ್ಟು ಹಿಗ್ಗಿ ಕಾಣುತ್ತೆ. ಈ ಅನುಪಾತ 20 ಅಂತಿಟ್ಟುಕೊಂಡರೆ 400 ಪಟ್ಟು. ಸಣ್ಣ ಕಂಪನಗಳು ಸಾಯೋದೇ ಅಲ್ಲಿ. ಫ್ಯೂಸ್ ಕಿತ್ತರೆ ಮೋಟರ್ ಎಲ್ಲೂ ಹೋಗಲ್ಲ, ಅದರ ಎಳೆತ ಮುಚ್ಚಿಡುತ್ತಿದ್ದ ಸಾಫ್ಟ್‌ವೇರ್ ಮಾತ್ರ ಹೋಗುತ್ತೆ.

ಹಾಗಾಗಿ ಕೆಲಸ ಕೆಳಗಿನಿಂದ ಶುರುವಾಗಲಿ. ಕಂಪನಿ ಕೊಟ್ಟ ಟೈರ್ ಅಳತೆ 215/45 ಆರ್17. ಆಫ್‌ಸೆಟ್ ತಪ್ಪಿದ ಅಗಲ ರಿಮ್ಮೋ ಸ್ಪೇಸರೋ ಹಾಕಿದರೆ ಸ್ಕ್ರಬ್ ರೇಡಿಯಸ್ (ಚಕ್ರ ತಿರುಗೋ ಅಕ್ಷಕ್ಕೂ ಟೈರಿನ ನಡುವಿಗೂ ನೆಲದ ಮೇಲಿನ ದೂರ) ಬದಲಾಗಿ, ಗುಂಡಿ ಸಿಕ್ಕಾಗಲೆಲ್ಲ ಸ್ಟೀರಿಂಗ್ ಕೈಗೆ ಬಡಿಯುತ್ತೆ. ಅದನ್ನೇ ಫೀಲ್ ಅಂದುಕೊಂಡವರೂ ಇದ್ದಾರೆ! ಮುಂದಿನ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು) ಸೊನ್ನೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ 1.5 ಡಿಗ್ರಿ ಆಸುಪಾಸು. ಸಸ್ಪೆನ್ಷನ್ನಿನ ಲೋಯರ್ ಆರ್ಮಿನ ಹಿಂದಿನ ಬುಷ್ (ಕೀಲಿನ ರಬ್ಬರ್ ಸುತ್ತು) ಜಾಗಕ್ಕೆ, ರಂಧ್ರ ನಡುವಿನಿಂದ ಸರಿದಿರೋ ಆಫ್‌ಸೆಟ್ ಬುಷ್ ಹಾಕಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗೋ ಅಕ್ಷದ ವಾಲು) ಅರ್ಧ ಡಿಗ್ರಿ ಏರಿಸಿದರೆ ಸಾಕು. ಅತಿ ಮಾಡಿದರೆ ಕ್ಯಾಸ್ಟರಿನಿಂದ ಬರೋ ಮೆಕ್ಯಾನಿಕಲ್ ಟ್ರೇಲೇ ಮೇಲುಗೈಯಾಗಿ, ಆ ಹಗುರಾಗೋ ಸುಳಿವೇ ಮುಚ್ಚಿಹೋಗುತ್ತೆ.

ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಕೆಲಸ ಅಂದರೆ ಸ್ಟೀರಿಂಗ್ ರ್ಯಾಕನ್ನು (ಚಕ್ರಗಳನ್ನು ತಿರುಗಿಸೋ ಹಲ್ಲಿನ ಸರಳು) ಹಿಡಿದಿರೋ ಬುಷ್. ರಬ್ಬರ್ ತೆಗೆದು ಪಾಲಿಯುರೆಥೇನ್ ಹಾಕಿ, ಕಿಟ್ ಜೊತೆ ಬಂದ ಗ್ರೀಸನ್ನೇ ಬಳಸಿ. ಸ್ಟೀರಿಂಗ್ ಶಾಫ್ಟಿನ ಜಾಯಿಂಟ್ ಬಿಚ್ಚೋ ಮುಂಚೆ ಶಾಫ್ಟ್ ಮೇಲೆ ಪೇಂಟ್ ಗುರುತು ಹಾಕಿ, ಸ್ಟೀರಿಂಗ್ ನೇರ ಇಟ್ಟು ಕಟ್ಟಿಬಿಡಿ. ಯಾರಾದರೂ ಸುಮ್ಮನೆ ಒಂದೆರಡು ಸುತ್ತು ತಿರುಗಿಸಿದರೆ ಏರ್‌ಬ್ಯಾಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗಿನೊಳಗೆ ಸುರುಳಿಯಾಗಿರೋ ವೈರ್ ಪಟ್ಟಿ) ಹರಿಯುತ್ತೆ. ಎಲ್ಲ ಮುಗಿದ ಮೇಲೆ ಮತ್ತೆ ಅಲೈನ್‌ಮೆಂಟ್.

ಇಷ್ಟಾದರೂ ಹಗುರ ಅನ್ನಿಸಿದರೆ ಮಾತ್ರ ಎಲೆಕ್ಟ್ರಾನಿಕ್ಸ್. ಟಾರ್ಕ್ ಸೆನ್ಸರ್ (ಸ್ಟೀರಿಂಗ್ ತಿರುಗಿಸೋ ಬಲ ಅಳೆಯೋದು) ವೈರಿಗೆ ರೆಸಿಸ್ಟರ್ ಹಾಕೋ ಉಪಾಯವನ್ನು ದೂರ ಇಡಿ. ಸಾಮಾನ್ಯವಾಗಿ ಅಲ್ಲಿ ಎರಡು ಸಿಗ್ನಲ್ ಇರುತ್ತೆ, ಇಸಿಯು (ಇಪಿಎಸ್ ನಡೆಸೋ ಕಂಪ್ಯೂಟರ್) ಒಂದನ್ನು ಇನ್ನೊಂದರ ಜೊತೆ ತಾಳೆ ನೋಡುತ್ತೆ. ಒಂದನ್ನೇ ಮುಟ್ಟಿದರೆ ಫಾಲ್ಟ್. ಎರಡನ್ನೂ ಬದಲಿಸಿದರೂ, ಬಿಸಿಗೆ ಸೊನ್ನೆ ಬಿಂದು ಸರಿದರೆ ಕಾರು ತಾನಾಗಿ ಒಂದು ಬದಿಗೆ ಎಳೆಯುತ್ತೆ, ಅದೂ ಹೆದ್ದಾರಿಯಲ್ಲಿ. ವೇಗ ಏರಿದಷ್ಟೂ ಇಪಿಎಸ್ ಅಸಿಸ್ಟ್ ಇಳಿಸುತ್ತೆ, ಹಾಗಾಗಿ ಇದಕ್ಕಿಂತ ಇಪಿಎಸ್‌ಗೆ ಹೋಗೋ ಕ್ಯಾನ್ ಲೈನ್ (ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳೋ ವೈರ್) ಮಧ್ಯೆ ಗೇಟ್‌ವೇ (ಸಂದೇಶ ಬದಲಿಸಿ ಕಳಿಸೋ ಡಬ್ಬ) ಕೂರಿಸಿ, ವೇಗವನ್ನು ಅದಕ್ಕೆ ಮಾತ್ರ 1.2 ಪಟ್ಟು ತೋರಿಸೋದು ಮೇಲು. ಸಂದೇಶದಲ್ಲಿ ಚೆಕ್‌ಸಮ್ (ಸಂದೇಶ ಸರಿಯಿದೆಯಾ ಅಂತ ನೋಡೋ ಸಂಖ್ಯೆ) ಇದ್ದರೆ ಅದನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಡಬ್ಬಕ್ಕೆ ಕರೆಂಟ್ ಹೋದರೆ ಮೂಲ ಲೈನ್ ತಾನಾಗಿ ಕೂಡೋ ಹಾಗೆ ರಿಲೇ ಇರಲೇಬೇಕು, ಇಲ್ಲದಿದ್ದರೆ ಕೂರಿಸಬೇಡಿ.

ಕಾಲಂ ಬದಲಿಸಿದ್ದರೆ ಟಾರ್ಕ್ ಸೆನ್ಸರ್ ಝೀರೋ ಪಾಯಿಂಟ್ (ಸೊನ್ನೆ ಬಲ ಯಾವುದು ಅಂತ ಅದಕ್ಕೆ ಹೊಸದಾಗಿ ಗುರುತಿಸೋದು) ಮಾಡಿಸಿ. ಆಗ ಚಕ್ರ ನೇರ ಇರಬೇಕು, ಸ್ಟೀರಿಂಗ್ ಮೇಲೆ ಕೈ ಇರಬಾರದು. ಟೊಯೊಟಾ ಇಪಿಎಸ್‌ನಲ್ಲಿ ಸಿ1515 ಕೋಡ್ ಬಂದಿದೆ ಅಂದರೆ ಈ ಕೆಲಸ ಬಾಕಿ ಇದೆ ಅಂತಲೇ ಅರ್ಥ.